ಸ್ವಂತ ಟ್ರಕ್ ಇದೆ, ಯಾವ ಕ್ಯಾರಿಯರ್ ಜೊತೆ ಲೀಸ್ ಮಾಡಿಕೊಳ್ಳಲಿ? (ಫ್ಲೋರಿಡಾ, ಡ್ರೈ ವ್ಯಾನ್ ಅಂದರೆ ಮುಚ್ಚಿದ ಸಾದಾ ಟ್ರೇಲರ್)

ದುರ್ಗದ_ಡ್ರೈವರ್

ಎಲ್ಲರಿಗೂ ನಮಸ್ಕಾರ. ನಾನಿರುವುದು ಫ್ಲೋರಿಡಾದ ಜ್ಯಾಕ್ಸನ್‌ವಿಲ್‌ನಲ್ಲಿ. ಗ್ರೀನ್ ಕಾರ್ಡ್, ಕ್ಲಾಸ್ ಎ ಸಿಡಿಎಲ್ (ಭಾರೀ ಟ್ರಕ್ ಓಡಿಸುವ ಲೈಸೆನ್ಸ್) ಎರಡೂ ಇವೆ. ಕೆಲವು ವರ್ಷ ಕಂಪನಿ ಡ್ರೈವರ್ ಆಗಿದ್ದೆ. ಈಗ ಬ್ಯಾಂಕ್ ಸಾಲ ಮಾಡಿ ಸೆಕೆಂಡ್ ಹ್ಯಾಂಡ್ ಫ್ರೈಟ್‌ಲೈನರ್ ಕ್ಯಾಸ್ಕೇಡಿಯಾ ಕೊಂಡಿದ್ದೇನೆ. ಟ್ರೇಲರ್ ಇಲ್ಲ. ಸ್ವಂತ ಎಂಸಿ ನಂಬರ್ (ನಮ್ಮದೇ ಹೆಸರಲ್ಲಿ ಲೋಡ್ ಸಾಗಿಸುವ ಸರ್ಕಾರಿ ಪರವಾನಗಿ) ಸದ್ಯಕ್ಕೆ ಬೇಡ ಅಂತ ಇದೆ. ಯಾವುದಾದರೂ ಕ್ಯಾರಿಯರ್ (ಸರಕು ಸಾಗಣೆ ಕಂಪನಿ) ಜೊತೆ ಲೀಸ್ ಮಾಡಿಕೊಂಡು ಅವರ ಅಥಾರಿಟಿಯಲ್ಲೇ, ಅಂದರೆ ಅವರ ಪರವಾನಗಿಯಲ್ಲೇ ಓಡಿಸೋಣ ಅಂತ.

ಮೂರು ಕಡೆ ಮಾತಾಡಿದ್ದೇನೆ. ಹೆಸರು ಹಾಕುವುದಿಲ್ಲ.

ಎ: ಶಿಕಾಗೋ ಕಡೆಯ ಚಿಕ್ಕ ಕಂಪನಿ. ಲೋಡ್ ಹಣದ 82 ಪರ್ಸೆಂಟ್ ನಮಗೆ. ಟ್ರೇಲರ್ ಬಾಡಿಗೆ ವಾರಕ್ಕೆ 250, ಇನ್ಶುರೆನ್ಸ್ 280, ಪ್ಲೇಟ್ (ನಂಬರ್ ಪ್ಲೇಟ್) 45, ಇಎಲ್‌ಡಿ (ಓಡಿಸಿದ ಗಂಟೆ ದಾಖಲಿಸುವ ಸಾಧನ) 15, ಆಫೀಸ್ ಫೀ 50. ಡೀಸೆಲ್ ರಿಯಾಯಿತಿ ಇಲ್ಲ.

ಬಿ: ದೊಡ್ಡ ಕಂಪನಿ. 72 ಪರ್ಸೆಂಟ್. ಟ್ರೇಲರ್ ಅವರದೇ, ಬಾಡಿಗೆ ಇಲ್ಲ. ಲಯಬಿಲಿಟಿ, ಕಾರ್ಗೋ ಇನ್ಶುರೆನ್ಸ್ ಅವರದು. ಪ್ಲೇಟ್ ಮತ್ತು ಇಎಲ್‌ಡಿಗೆ ವಾರಕ್ಕೆ ಒಟ್ಟು 50. ಡೀಸೆಲ್ ಮೇಲೆ ಗ್ಯಾಲನ್‌ಗೆ ಸುಮಾರು 50 ಸೆಂಟ್ ರಿಯಾಯಿತಿ.

ಸಿ: ಇದೂ ದೊಡ್ಡದೇ. ಮೈಲಿಗೆ 1.15 ಡಾಲರ್, ಜೊತೆಗೆ ಫ್ಯೂಯೆಲ್ ಸರ್‌ಚಾರ್ಜ್ (ಡೀಸೆಲ್ ಖರ್ಚಿಗೆ ಕೊಡುವ ಹೆಚ್ಚುವರಿ ಹಣ). ಖಾಲಿ ಓಡಿದರೂ ಅದೇ ರೇಟ್. ಕಟ್ ಆಗುವುದು ವಾರಕ್ಕೆ 60. ಡೀಸೆಲ್ ರಿಯಾಯಿತಿ ಬಿ ಥರವೇ.

ನನಗೇನೋ ಎ ಕಡೆಗೇ ಮನಸ್ಸು. 82 ಅಂದರೆ 82 ಅಲ್ವಾ? ನೀವೇನು ಹೇಳುತ್ತೀರಿ?

ಫೇಡಾ_ಎಕ್ಸ್‌ಪ್ರೆಸ್

ಎ ಕಂಪನಿಯ ರಿಕ್ರೂಟರ್ ಬಹಳ ಸಿಹಿಯಾಗಿ ಮಾತಾಡಿರಬೇಕು ನೋಡ್ರಿ. ನನಗೂ ಹಿಂಗೇ ಒಬ್ಬಾಂವ ವಾರಕ್ಕೆ ಎರಡು ಸಲ ಫೋನ್ ಮಾಡ್ತಿದ್ದ. ಡಿಡಕ್ಷನ್ ಲಿಸ್ಟ್ ಕೇಳಿದ ಮ್ಯಾಲೆ ಫೋನ್ ಬಂದ್ ಆಯ್ತು.

ಸೆಟಲ್‌ಮೆಂಟ್_ಶೀಟ್

ನಾನು ಬೆಂಗಳೂರಿನಲ್ಲಿ ಕೂತು ಅಮೆರಿಕದ ಕ್ಯಾರಿಯರ್ ಒಂದರ ಬ್ಯಾಕ್ ಆಫೀಸ್ ಕೆಲಸ ಮಾಡುತ್ತೇನೆ. ರಾತ್ರಿ ಶಿಫ್ಟ್. ಓನರ್-ಆಪರೇಟರ್‌ಗಳ (ಸ್ವಂತ ಟ್ರಕ್ ಓಡಿಸುವವರ) ವಾರದ ಸೆಟಲ್‌ಮೆಂಟ್, ಅಂದರೆ ಹಣದ ಲೆಕ್ಕ ಮಾಡುವುದೇ ನನ್ನ ಕೆಲಸ. ಟ್ರಕ್ ಸ್ಟೀರಿಂಗ್ ಮುಟ್ಟಿದವನಲ್ಲ, ಆದರೆ ಯಾರ ಕೈಗೆ ಎಷ್ಟು ಬರುತ್ತದೆ ಅಂತ ದಿನಾ ನೋಡುತ್ತೇನೆ.

ನಿಮ್ಮ ಮೂರೂ ಆಫರ್ ಹಾಕಿ ಲೆಕ್ಕ ಮಾಡೋಣ. ವಾರಕ್ಕೆ ಒಟ್ಟು 2,500 ಮೈಲಿ (ಖಾಲಿ ಓಡಿದ್ದೂ ಸೇರಿ), ಲೋಡ್‌ಗಳ ಹಣ 5,500 ಡಾಲರ್ ಅಂತ ಇಟ್ಟುಕೊಳ್ಳಿ. ಗ್ಯಾಲನ್‌ಗೆ 6.8 ಮೈಲಿ ಬಂದರೆ ಸುಮಾರು 367 ಗ್ಯಾಲನ್ ಡೀಸೆಲ್ ಬೇಕು. ಡೀಸೆಲ್ ಖರ್ಚು ಮೂರಕ್ಕೂ ಒಂದೇ, ಅದಕ್ಕೆ ಬಿಟ್ಟಿದ್ದೇನೆ. ರಿಯಾಯಿತಿ ಮಾತ್ರ ಸೇರಿಸುತ್ತೇನೆ.

ಎ: 5,500ರ 82 ಪರ್ಸೆಂಟ್ 4,510. ಕಟ್ ಆಗುವುದು 640. ಉಳಿದದ್ದು 3,870.

ಬಿ: 72 ಪರ್ಸೆಂಟ್ 3,960. ಕಟ್ 50. ಡೀಸೆಲ್ ರಿಯಾಯಿತಿ 183. ಉಳಿದದ್ದು 4,093.

ಸಿ: ಸರ್‌ಚಾರ್ಜ್ ಮೈಲಿಗೆ 40 ಸೆಂಟ್ ಅಂತ ಹಿಡಿದರೆ ಮೈಲಿಗೆ ಒಟ್ಟು 1.55. 2,500 ಮೈಲಿಗೆ 3,875. ಕಟ್ 60, ರಿಯಾಯಿತಿ 183. ಉಳಿದದ್ದು 3,998.

82 ಪರ್ಸೆಂಟ್‌ನವನು ಕೊನೇ ಸ್ಥಾನದಲ್ಲಿ ನಿಂತ, ನೋಡಿ. ಎ ಮತ್ತು ಬಿ ಸಮ ಆಗಬೇಕಾದರೆ ವಾರಕ್ಕೆ 7,730 ಡಾಲರ್ ಲೋಡ್ ಮಾಡಬೇಕು. ಅದಕ್ಕಿಂತ ಜಾಸ್ತಿ ಮಾಡಿದ ವಾರ ಮಾತ್ರ ಎ ಲಾಭ. ಒಂಟಿ ಡ್ರೈವರ್ ಡ್ರೈ ವ್ಯಾನ್‌ನಲ್ಲಿ ಈಗಿನ ಮಾರ್ಕೆಟ್‌ನಲ್ಲಿ ಪ್ರತಿ ವಾರ ಅಷ್ಟು ಮಾಡುವುದು ನಾನು ಕಂಡಿಲ್ಲ.

ಇನ್ನೊಂದು ಇದೆ. ಟ್ರಕ್ ಗ್ಯಾರೇಜ್‌ನಲ್ಲಿ ನಿಂತ ವಾರ, ಅಥವಾ ನೀವು ಊರಿಗೆ ಬಂದ ವಾರ. ಎ ಕಂಪನಿಯಲ್ಲಿ ಆ ವಾರವೂ 640 ಓಡುತ್ತಾ ಇರುತ್ತದೆ. ಒಂದು ತಿಂಗಳು ಚಿತ್ರದುರ್ಗಕ್ಕೆ ಬಂದು ಹೋದರೆ ಸುಮಾರು 2,500 ಡಾಲರ್ ಸಾಲ ತಲೆ ಮೇಲೆ ಕೂತಿರುತ್ತದೆ. ಅದನ್ನು ಮುಂದಿನ ಸೆಟಲ್‌ಮೆಂಟ್‌ಗಳಲ್ಲಿ ಹಿಡಿಯುತ್ತಾರೆ. ಇಂಥ ಮೈನಸ್ ಸೆಟಲ್‌ಮೆಂಟ್ ಮಾಡಿ ಕಳಿಸುವಾಗ ನನಗೇ ಬೇಜಾರಾಗುತ್ತದೆ.

ದುರ್ಗದ_ಡ್ರೈವರ್

ಅಯ್ಯೋ ಸರ್, ಹೀಗೆ ನಾನು ಹಾಕಿ ನೋಡಿರಲಿಲ್ಲ. ಊರಿಗೆ ಬರುವ ಪ್ಲ್ಯಾನ್ ಜನವರಿಗೆ ಇದ್ದೇ ಇದೆ, ತಂಗಿ ಮದುವೆ. ಹಾಗಾದರೆ ಬಿ ಅಂತ ಗ್ಯಾರಂಟಿಯಾ?

ಕುಂದಾಪುರ_ಟು_ಕೊಲಂಬಸ್

ನಿಲ್ಲಿ ಮಾರಾಯ್ರೆ, ಅಷ್ಟು ಬೇಗ ಬೇಡ. ಶೀಟ್ ಸರ್ ಲೆಕ್ಕ ಸರಿಯೇ. ಆದರೆ 5,500 ಅಂತ ಹಿಡಿದರಲ್ಲ, ಅದು ಯಾವ ಊರಿನಿಂದ ಹೊರಟವನಿಗೆ? ನಾನಿರುವುದು ಒಹಾಯೊದ ಕೊಲಂಬಸ್. ಸುತ್ತ ಎಲ್ಲಿ ನೋಡಿದರೂ ಗೋದಾಮು, ಫ್ಯಾಕ್ಟರಿ. ಯಾವ ದಿಕ್ಕಿಗೂ ಲೋಡ್ ಸಿಗುತ್ತದೆ. ನೀವಿರುವುದು ಫ್ಲೋರಿಡಾ. ಅಲ್ಲಿಗೆ ಎಲ್ಲರೂ ಸಾಮಾನು ತಂದು ಸುರಿಯುತ್ತಾರೆ, ಅಲ್ಲಿಂದ ಹೊರಗೆ ಹೋಗುವುದು ಕಮ್ಮಿ. ಒಳಗೆ ಬರುವ ಲೋಡ್‌ಗೆ ಒಳ್ಳೇ ರೇಟ್, ಹೊರಗೆ ಹೋಗುವುದಕ್ಕೆ ಡೀಸೆಲ್ ಹಣ ಹುಟ್ಟಿದರೆ ಪುಣ್ಯ. ವಸಂತದಲ್ಲಿ ತರಕಾರಿ, ಹಣ್ಣಿನ ಸೀಸನ್ ಬಂದಾಗ ಮಾತ್ರ ಸ್ವಲ್ಪ ಏರುತ್ತದೆ. ಅದೂ ಮೊದಲು ರೀಫರ್‌ನವರಿಗೆ (ಸರಕು ತಣ್ಣಗಿಡುವ ಟ್ರೇಲರ್‌ನವರಿಗೆ). ರೀಫರ್‌ಗಳೆಲ್ಲ ಆ ಕಡೆ ಹೋದಾಗ ವ್ಯಾನ್‌ನವರಿಗೂ ಒಂದಿಷ್ಟು ಸಿಗುತ್ತದೆ ಅಷ್ಟೆ. ಜ್ಯಾಕ್ಸನ್‌ವಿಲ್ ಮಿಯಾಮಿಗಿಂತ ವಾಸಿ. ಬಂದರು ಇದೆ, ಐ-95 ಐ-10 ಎರಡೂ ಸೇರುವ ಜಾಗ, ಜಾರ್ಜಿಯಾ ಪಕ್ಕದಲ್ಲೇ ಇದೆ. ಆದರೂ ಫ್ಲೋರಿಡಾ ಫ್ಲೋರಿಡಾವೇ.

ಪರ್ಸೆಂಟ್ ಮೇಲೆ ಓಡಿದರೆ ಆ ಅಗ್ಗದ ಲೋಡಿನ ನಷ್ಟ ನಿಮ್ಮದು. ಮೈಲಿ ಲೆಕ್ಕದಲ್ಲಿ ಓಡಿದರೆ ನಷ್ಟ ಕಂಪನಿಯದು. ನೀವು ಪ್ರತಿ ವಾರ ಮನೆಗೆ ಬರಬೇಕು ಅನ್ನುವವರಾದರೆ ಸಿ ಆಫರ್ ಅಷ್ಟು ಸುಲಭಕ್ಕೆ ತಳ್ಳಿ ಹಾಕಬೇಡಿ.

ಸೆಟಲ್‌ಮೆಂಟ್_ಶೀಟ್

ಒಪ್ಪಿದೆ ಸರ್. ವಾರದ ಲೋಡ್ ಹಣ 4,000ಕ್ಕೆ ಇಳಿಯಿತು ಅನ್ನಿ, ಮೈಲಿ ಅಷ್ಟೇ. ಎ ಕೊಡುವುದು 2,640. ಬಿ 3,013. ಸಿ ಅದೇ 3,998. ಹಾಗೇ 7,500ರ ವಾರ ಬಂದರೆ ಎ 5,510, ಬಿ 5,533, ಸಿ ಮಾತ್ರ 3,998ರಲ್ಲೇ ನಿಂತಿರುತ್ತದೆ.

ಮಾರ್ಕೆಟ್ ಬಿದ್ದಾಗ ಮೈಲಿ, ಎದ್ದಾಗ ಪರ್ಸೆಂಟ್. 2021ರಲ್ಲಿ ರೇಟ್ ಆಕಾಶದಲ್ಲಿದ್ದಾಗ ಪರ್ಸೆಂಟ್‌ನವರು ಚೆನ್ನಾಗಿ ಮಾಡಿಕೊಂಡರು. 2022ರಿಂದ ಬಿದ್ದಾಗ ಅವರೇ ಮೊದಲು ಒದ್ದಾಡಿದರು.

ಸಿ ಕಂಪನಿಯವರನ್ನು ಒಂದು ಪ್ರಶ್ನೆ ಕೇಳಲೇಬೇಕು: ಯಾವ ಮೈಲಿ? ಪ್ರಾಕ್ಟಿಕಲ್ ಮೈಲಿಯಾ (ಟ್ರಕ್ ನಿಜವಾಗಿ ಹೋಗುವ ದಾರಿಯ ಲೆಕ್ಕ), ಹೌಸ್‌ಹೋಲ್ಡ್ ಗೂಡ್ಸ್ ಮೈಲಿಯಾ? ಎರಡನೆಯದು ಊರಿಂದೂರಿಗೆ ಹಾಕುವ ಹಳೇ ಲೆಕ್ಕ, ನೀವು ನಿಜವಾಗಿ ಓಡಿಸಿದ್ದಕ್ಕಿಂತ ಸಾಮಾನ್ಯವಾಗಿ ಕಮ್ಮಿ ಬರುತ್ತದೆ. 2,500 ಓಡಿಸಿ 2,300ಕ್ಕೆ ಹಣ ಬಂದರೆ 3,998 ಇದ್ದದ್ದು 3,688 ಆಗುತ್ತದೆ. ವರ್ಷಕ್ಕೆ ಗುಣಿಸಿ ನೋಡಿ.

ಸ್ವಂತ_ಎಂಸಿ

ನನಗೆ ಅರ್ಥ ಆಗದೇ ಇರುವುದು ಇದೇ. ಟ್ರಕ್ ನಿಮ್ಮದು, ಡೀಸೆಲ್ ನಿಮ್ಮದು, ಟೈರ್ ನಿಮ್ಮದು. ಅಷ್ಟಾದ ಮೇಲೆ ಬಾಗಿಲ ಮೇಲೆ ಬೇರೆಯವರ ಹೆಸರು ಅಂಟಿಸಿಕೊಂಡು 28 ಪರ್ಸೆಂಟ್ ಯಾಕೆ ಕೊಡಬೇಕು? ಅಥಾರಿಟಿಗೆ ಅರ್ಜಿ ಫೀ 300 ಡಾಲರ್. ನಿಮ್ಮದೇ ತಗೊಳ್ಳಿ, 100 ಪರ್ಸೆಂಟ್ ನಿಮ್ಮದು.

ಕುಂದಾಪುರ_ಟು_ಕೊಲಂಬಸ್

300 ಡಾಲರ್ ಅರ್ಜಿಗೆ. ಇನ್ಶುರೆನ್ಸ್‌ಗೆ?

ಸ್ವಂತ_ಎಂಸಿ

ಅದು ಜಾಸ್ತಿ, ಸುಳ್ಳು ಹೇಳಲ್ಲ. ಕಾನೂನು ಕೇಳುವುದು 7,50,000 ಡಾಲರ್ ಲಯಬಿಲಿಟಿ. ಆದರೆ ಬ್ರೋಕರ್‌ಗಳು 10 ಲಕ್ಷ ಡಾಲರ್‌ದು ಇಲ್ಲದೆ ಲೋಡ್ ಕೊಡುವುದಿಲ್ಲ. ಹೊಸ ಎಂಸಿ ಅಂದ ತಕ್ಷಣ ನನಗೆ ಬಂದ ಕೊಟೇಶನ್‌ಗಳೆಲ್ಲ ವರ್ಷಕ್ಕೆ 15ರಿಂದ 20 ಸಾವಿರ. ಮೊದಲ ಕೆಲವು ತಿಂಗಳು ಎಷ್ಟೋ ಬ್ರೋಕರ್‌ಗಳು ಎಂಸಿ ವಯಸ್ಸು ನೋಡಿ ಫೋನ್ ಇಟ್ಟರು. ಬಿಲ್ಲಿನ ಹಣಕ್ಕೆ 30 ದಿನ ಕಾಯಬೇಕು, ಇಲ್ಲ ಬಿಲ್ ಇಟ್ಟುಕೊಂಡು ಮೊದಲೇ ಹಣ ಕೊಡುವ ಫ್ಯಾಕ್ಟರಿಂಗ್ ಕಂಪನಿಗೆ 2-3 ಪರ್ಸೆಂಟ್ ಕೊಡಬೇಕು. ಟ್ರೇಲರ್ ಬೇರೆ. ಇದೆಲ್ಲ ದಾಟಿದರೆ ನೀವೇ ರಾಜ. ನಾನು ದಾಟಿದ್ದು ರೇಟ್ ಚೆನ್ನಾಗಿದ್ದ ಕಾಲದಲ್ಲಿ, ಅದೂ ನಿಜ.

ದುರ್ಗದ_ಡ್ರೈವರ್

ಅಣ್ಣ, ನನ್ನ ಕೈಯಲ್ಲಿ ಟ್ರಕ್ ರಿಪೇರಿಗೆ ಇಟ್ಟಿರುವ ದುಡ್ಡು ಬಿಟ್ಟರೆ ಬೇರೆ ಇಲ್ಲ. ಒಂದೆರಡು ವರ್ಷ ಲೀಸ್‌ನಲ್ಲಿ ಓಡಿಸಿ ಆಮೇಲೆ ನೋಡುತ್ತೇನೆ.

ಫ್ಲಾಟ್‌ಬೆಡ್_ಗೌಡ್ರು

ಯಾರೂ ಹೇಳದೇ ಇರುವ ಒಂದು ವಿಷಯ ಹೇಳುತ್ತೇನೆ. ರೇಟ್ ನೋಡುವ ಮೊದಲು ಆ ಕಂಪನಿ ನಾಳೆ ಇರುತ್ತದಾ ನೋಡಿ.

2009ರ ಡಿಸೆಂಬರ್‌ನಲ್ಲಿ, ಕ್ರಿಸ್‌ಮಸ್‌ಗೆ ಕೆಲವೇ ದಿನ ಇರುವಾಗ, ಓಕ್ಲಹೋಮಾದ ಆ್ಯರೋ ಟ್ರಕಿಂಗ್ ಬಾಗಿಲು ಹಾಕಿತು. ಡ್ರೈವರ್‌ಗಳಿಗೆ ಗೊತ್ತಾಗಿದ್ದು ಬಂಕ್‌ನಲ್ಲಿ ಫ್ಯೂಯೆಲ್ ಕಾರ್ಡ್ ಓಡದೇ ಇದ್ದಾಗ. 2019ರ ಡಿಸೆಂಬರ್‌ನಲ್ಲಿ ಇಂಡಿಯಾನಾಪೊಲಿಸ್‌ನ ಸೆಲಡಾನ್ ದಿವಾಳಿ ಆಯಿತು. ಸಾವಿರಾರು ಡ್ರೈವರ್‌ಗಳಿದ್ದ ಕಂಪನಿ ಅದು. ಅಲ್ಲೂ ದೇಶದ ಮೂಲೆ ಮೂಲೆಯಲ್ಲಿ ಜನ ಸಿಕ್ಕಿಕೊಂಡರು. ದೊಡ್ಡದು ಅಂದ ಮಾತ್ರಕ್ಕೆ ಭದ್ರ ಅಂತೇನೂ ಇಲ್ಲ.

ನಾನು ಮಾಡುವುದು ಇಷ್ಟು. ಎಫ್‌ಎಂಸಿಎಸ್‌ಎಯ (ಟ್ರಕ್ ಸುರಕ್ಷತೆ ನೋಡುವ ಫೆಡರಲ್ ಇಲಾಖೆ) ಸೇಫರ್ ಸೈಟ್‌ನಲ್ಲಿ ಕಂಪನಿಯ ಡಿಒಟಿ ನಂಬರ್ (ಸರ್ಕಾರ ಕೊಟ್ಟ ಗುರುತಿನ ಸಂಖ್ಯೆ) ಹಾಕಿದರೆ ಎಷ್ಟು ಟ್ರಕ್, ಎಷ್ಟು ಡ್ರೈವರ್, ಎರಡು ವರ್ಷದಲ್ಲಿ ಎಷ್ಟು ಇನ್‌ಸ್ಪೆಕ್ಷನ್, ಎಷ್ಟು ಸಲ ಗಾಡಿ ನಿಲ್ಲಿಸಿದರು, ಎಷ್ಟು ಆ್ಯಕ್ಸಿಡೆಂಟ್ ಎಲ್ಲಾ ಬರುತ್ತದೆ. ದೇಶದ ಸರಾಸರಿಯೂ ಪಕ್ಕದಲ್ಲೇ ಇರುತ್ತದೆ. ಅವರದ್ದೇ ಲೈಸೆನ್ಸಿಂಗ್ ಮತ್ತು ಇನ್ಶುರೆನ್ಸ್ ಪುಟದಲ್ಲಿ ಇನ್ಶುರೆನ್ಸ್ ಹಿಸ್ಟರಿ ಸಿಗುತ್ತದೆ. ಪಾಲಿಸಿ ಪದೇ ಪದೇ ಕ್ಯಾನ್ಸಲ್ ಆಗಿ, ಕಂಪನಿ ಬದಲಾಗಿ, ಮತ್ತೆ ಶುರುವಾಗಿದ್ದರೆ ಆ ಕಡೆ ತಲೆ ಹಾಕಬೇಡಿ.

ಸೇಫ್ಟಿ ಸ್ಕೋರ್ ಕೆಟ್ಟಿದ್ದರೆ ಅದು ಆಫೀಸಿನವರ ತಲೆನೋವು ಅಂತ ತಿಳಿಯಬೇಡಿ. ವೇ ಸ್ಟೇಷನ್‌ನಲ್ಲಿ (ತೂಕ, ತಪಾಸಣೆ ಮಾಡುವ ಜಾಗ) ಪ್ರಿಪಾಸ್, ಅಂದರೆ ನಿಲ್ಲದೆ ಹೋಗಬಹುದಾ ಅಂತ ಹೇಳುವ ವ್ಯವಸ್ಥೆ, ಹಸಿರು ತೋರಿಸುವುದು ಕಂಪನಿಯ ಸ್ಕೋರ್ ನೋಡಿ. ಸ್ಕೋರ್ ಹೊಲಸಾಗಿದ್ದರೆ ನಿಮ್ಮ ಟ್ರಕ್ ಎಷ್ಟೇ ಚೆನ್ನಾಗಿರಲಿ, ಒಳಗೆ ಕರೆಯುತ್ತಲೇ ಇರುತ್ತಾರೆ. ದಿನಕ್ಕೆ ಸಿಗುವುದೇ 14 ಗಂಟೆ, ಓಡಿಸಲು ಅದರೊಳಗೆ 11. ಅದರಲ್ಲಿ ಅರ್ಧ ಗಂಟೆ ಮುಕ್ಕಾಲು ಗಂಟೆ ಇಲ್ಲೇ ಹೋಗುತ್ತದೆ.

ಸ್ಟಾಕ್ಟನ್_ಸಂಪಿಗೆ

ಕ್ಯಾಲಿಫೋರ್ನಿಯಾದವರು ಯಾರಾದರೂ ಇದನ್ನು ಓದುತ್ತಿದ್ದರೆ: ನಮ್ಮಲ್ಲಿ ಆಟವೇ ಬೇರೆ. ಎಬಿ5 ಕಾನೂನಿನ ಪ್ರಕಾರ ಕಂಪನಿಯ ಮುಖ್ಯ ವ್ಯವಹಾರವನ್ನೇ ಮಾಡುವವರನ್ನು ಸ್ವತಂತ್ರ ಕಾಂಟ್ರಾಕ್ಟರ್ ಅನ್ನುವುದು ಕಷ್ಟ. ಟ್ರಕ್ ಕಂಪನಿಗೆ ಟ್ರಕ್ ಓಡಿಸಿಕೊಡುವುದು ಅಂದರೆ ಅದೇ ತಾನೇ? 2022ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಟ್ರಕಿಂಗ್‌ನವರ ಅರ್ಜಿ ಕೇಳಲು ಒಪ್ಪಲಿಲ್ಲ. ಆಮೇಲೆ ಹೊರರಾಜ್ಯದ ಎಷ್ಟೋ ಕ್ಯಾರಿಯರ್‌ಗಳು ಕ್ಯಾಲಿಫೋರ್ನಿಯಾ ವಿಳಾಸ ಇರುವವರನ್ನು ಲೀಸ್‌ಗೆ ತಗೊಳ್ಳುವುದನ್ನೇ ಬಿಟ್ಟವು. ನನ್ನ ಗಂಡ ಕೊನೆಗೆ ಸ್ವಂತ ಎಂಸಿ ಮಾಡಿಸಿದ್ದು ಆಸೆಯಿಂದಲ್ಲ, ಬೇರೆ ದಾರಿ ಇಲ್ಲದೆ. ಪುಸ್ತಕ ಲೆಕ್ಕ ಎಲ್ಲಾ ನಾನೇ. ಫ್ಲೋರಿಡಾದವರಿಗೆ ಈ ತಲೆಬಿಸಿ ಇಲ್ಲ.

ಕೆಲಸ_ಐಟಿ_ಕನಸು_ಟ್ರಕ್

ಮಧ್ಯದಲ್ಲಿ ಬರುತ್ತಿದ್ದೇನೆ, ಕ್ಷಮಿಸಿ. ನಾನು ಡಲ್ಲಾಸ್‌ನಲ್ಲಿ ಎಚ್-1ಬಿ ಮೇಲಿದ್ದೇನೆ. ಟ್ರಕ್ ಕೊಂಡು ಡ್ರೈವರ್ ಇಟ್ಟು ಇದೇ ಥರ ಲೀಸ್ ಮಾಡಬಹುದಾ? ಕ್ಯಾರಿಯರ್‌ನವರು ಲೀಸ್-ಪರ್ಚೇಸ್ ಸ್ಕೀಮ್ ಇದೆ, ಡೌನ್ ಪೇಮೆಂಟ್ ಬೇಡ ಅಂತಿದ್ದಾರೆ.

ಸ್ಟಾಕ್ಟನ್_ಸಂಪಿಗೆ

ದುಡ್ಡು ಹಾಕುವುದು ಬೇರೆ, ಬಿಸಿನೆಸ್ ನಡೆಸುವುದು ಬೇರೆ. ಎಚ್-1ಬಿ ಇಟ್ಟುಕೊಂಡು ರಾತ್ರಿ ಡಿಸ್ಪ್ಯಾಚ್ ಮಾಡಿದರೆ (ಡ್ರೈವರ್‌ಗೆ ಲೋಡ್ ಹೇಳಿ ಕಳಿಸಿದರೆ) ಅದು ಕೆಲಸವೇ. ಒಂದು ಡಾಲರ್ ಖರ್ಚು ಮಾಡುವ ಮೊದಲು ಇಮಿಗ್ರೇಷನ್ ವಕೀಲರ ಹತ್ತಿರ ಹೋಗಿ.

ಫ್ಲಾಟ್‌ಬೆಡ್_ಗೌಡ್ರು

ಲೀಸ್-ಪರ್ಚೇಸ್ ಹತ್ತಿರ ಹೋಗಬೇಡಿ ತಮ್ಮ. ಇಲ್ಲಿ ನಾವು ಮಾತಾಡುತ್ತಿರುವುದು ಸ್ವಂತ ಟ್ರಕ್ಕನ್ನು ಕಂಪನಿಗೆ ಲೀಸ್ ಕೊಡುವುದು. ಅದು ಕಂಪನಿಯದೇ ಟ್ರಕ್ಕನ್ನು ಕಂತಿನಲ್ಲಿ ನಿಮಗೆ ಕೊಟ್ಟು, ಲೋಡೂ ಅವರೇ ಕೊಟ್ಟು, ಕಂತೂ ಅವರೇ ಹಿಡಿಯುವುದು. ಲೋಡ್ ಕಮ್ಮಿ ಮಾಡಿದರೆ ಕಂತು ತಪ್ಪುತ್ತದೆ, ಟ್ರಕ್ ವಾಪಸ್ ಹೋಗುತ್ತದೆ, ಇನ್ನೊಬ್ಬನಿಗೆ ಕೊಡುತ್ತಾರೆ. ಸರ್ಕಾರವೇ ಇದಕ್ಕೊಂದು ಟಾಸ್ಕ್ ಫೋರ್ಸ್ ಮಾಡಿತ್ತು. 2025ರ ಜನವರಿಯಲ್ಲಿ ಅವರು ಕೊಟ್ಟ ವರದಿ ಇಂಥ ಸ್ಕೀಮ್‌ಗಳನ್ನು ನಿಷೇಧ ಮಾಡಿ ಅಂತಲೇ ಹೇಳಿತು.

ಕುಂದಾಪುರ_ಟು_ಕೊಲಂಬಸ್

ದುರ್ಗದವರೇ, ಈಗ ನಾನು ಹೇಳಬೇಕು ಅಂತಿದ್ದ ಮುಖ್ಯ ಮಾತಿಗೆ ಬರುತ್ತೇನೆ. ಎ, ಬಿ, ಸಿ ಯಾವುದೇ ಇರಲಿ. ಸೇರುವುದು ಹೇಗೆ ಅಂತ ನೋಡುವ ಮೊದಲು ಬಿಡುವುದು ಹೇಗೆ ಅಂತ ನೋಡಿ.

ನಾನು ಮೊದಲು ಲೀಸ್ ಆಗಿದ್ದ ಕಂಪನಿಯ ಹೆಸರು ಬೇಡ. ಮಧ್ಯಮ ಸೈಜಿನದು, ಲೋಡ್ ಚೆನ್ನಾಗಿಯೇ ಕೊಡುತ್ತಿದ್ದರು. ಎಸ್ಕ್ರೋ (ಠೇವಣಿ) ಅಂತ ವಾರ ವಾರ ಹಿಡಿದು 2,500 ಡಾಲರ್ ಇಟ್ಟುಕೊಂಡಿದ್ದರು. ಬಿಡುತ್ತೇನೆ ಅಂದ ದಿನದಿಂದ ಫೋನ್ ಎತ್ತುವ ದನಿಯೇ ಬದಲಾಯಿತು. ಟ್ರೇಲರ್ ಅವರ ಯಾರ್ಡ್‌ಗೆ ಬಿಟ್ಟು, ಫೋಟೋ ತೆಗೆದು, ಬಾಗಿಲಿನ ಸ್ಟಿಕ್ಕರ್ ಕಿತ್ತು ಕಳಿಸಿದೆ. ಕೊನೇ ಸೆಟಲ್‌ಮೆಂಟ್‌ನಲ್ಲಿ ಟ್ರೇಲರ್ ಟೈರ್, ಟ್ರೇಲರ್ ಬಾಗಿಲು ರಿಪೇರಿ, "ಅಡ್ಮಿನ್" ಅಂತ ಒಂದೊಂದೇ ಹಾಕಿ ಎಸ್ಕ್ರೋ ಖಾಲಿ. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ.

ಆಗ ನನಗೆ ಸಹಾಯಕ್ಕೆ ಬಂದದ್ದು ಒಂದು ಕಾನೂನು. ಫೆಡರಲ್ ನಿಯಮ 49 ಸಿಎಫ್‌ಆರ್ ಭಾಗ 376, ಟ್ರುತ್ ಇನ್ ಲೀಸಿಂಗ್ ಅನ್ನುತ್ತಾರೆ. ಎಲ್ಲರೂ ಒಂದು ಸಲ ಓದಲೇಬೇಕು, ಉದ್ದ ಇಲ್ಲ. ಅದರ ಪ್ರಕಾರ ಎಸ್ಕ್ರೋ ಎಷ್ಟು, ಯಾವ ಯಾವುದಕ್ಕೆ ಹಿಡಿಯಬಹುದು ಅಂತ ಲೀಸ್‌ನಲ್ಲೇ ಬರೆದಿರಬೇಕು. ಇಟ್ಟುಕೊಂಡ ಹಣಕ್ಕೆ ಬಡ್ಡಿ ಕೊಡಬೇಕು. ಲೀಸ್ ಮುಗಿದ 45 ದಿನದೊಳಗೆ ಲೆಕ್ಕ ಕೊಟ್ಟು ವಾಪಸ್ ಮಾಡಬೇಕು. ಏನೇ ಕಟ್ ಮಾಡಿದರೂ ಅದು ಮೊದಲೇ ಲೀಸ್‌ನಲ್ಲಿ ಇರಬೇಕು, ಸರಿಯಾಗಿದೆಯಾ ಅಂತ ನೋಡಲು ಬೇಕಾದ ಕಾಗದ ನಿಮಗೆ ಕೊಡಬೇಕು. ನಾನು ನನ್ನ ಫೋಟೋಗಳನ್ನು ಹಚ್ಚಿ, ಆ ಭಾಗದ ನಂಬರ್ ಹಾಕಿ, ರಿಪೇರಿ ಬಿಲ್ ಕೊಡಿ ಅಂತ ರಿಜಿಸ್ಟರ್ಡ್ ಪತ್ರ ಕಳಿಸಿದೆ. ಬಿಲ್ ಬರಲಿಲ್ಲ. ಸ್ವಲ್ಪ ದಿನಕ್ಕೆ ಚೆಕ್ ಬಂತು, ಪೂರ್ತಿ ಅಲ್ಲ, ಮುಕ್ಕಾಲು ಪಾಲು.

ಪತ್ರಕ್ಕೂ ಬಗ್ಗದಿದ್ದರೆ ಕೋರ್ಟ್ ಒಂದೇ. ಎಫ್‌ಎಂಸಿಎಸ್‌ಎಗೆ ದೂರು ಹಾಕಬಹುದು, ಆದರೆ ಅವರು ನಿಮ್ಮ ಹಣ ವಸೂಲಿ ಮಾಡಿಕೊಡುವುದಿಲ್ಲ. 1973ರಿಂದ ಇರುವ ಓಐಡಾ ಅನ್ನುವ ಸ್ವಂತ ಟ್ರಕ್‌ನವರ ಸಂಘಕ್ಕೆ ಸದಸ್ಯರಾಗಿ. ಸಹಿ ಹಾಕುವ ಮೊದಲು ಲೀಸ್ ಹೇಗೆ ನೋಡಬೇಕು ಅಂತ ಅಲ್ಲಿ ಕೇಳಬಹುದು.

ಸೆಟಲ್‌ಮೆಂಟ್_ಶೀಟ್

ಇದೇ ಭಾಗ 376ರಲ್ಲಿ ಪರ್ಸೆಂಟ್‌ನವರಿಗೆ ಇನ್ನೊಂದು ಮುಖ್ಯ ಕಲಂ ಇದೆ. ಪರ್ಸೆಂಟ್ ಮೇಲೆ ಹಣ ಕೊಡುವುದಾದರೆ ಸೆಟಲ್‌ಮೆಂಟ್ ಜೊತೆ ಅಥವಾ ಅದಕ್ಕೂ ಮೊದಲು ರೇಟೆಡ್ ಫ್ರೈಟ್ ಬಿಲ್‌ನ (ಲೋಡ್‌ಗೆ ಗಿರಾಕಿಗೆ ಹಾಕಿದ ಹಣ ಇರುವ ಬಿಲ್) ಪ್ರತಿ ಕೊಡಬೇಕು. ಗಿರಾಕಿಯ ಹೆಸರು ಅಳಿಸಬಹುದು, ಹಣದ ಅಂಕಿ ಅಳಿಸುವಂತಿಲ್ಲ. ಹಾಗಾಗಿ ಎ ಮತ್ತು ಬಿ ಇಬ್ಬರನ್ನೂ ಕೇಳಿ: 82 ಅನ್ನುವುದು ಯಾವುದರ 82? ಕೆಲವು ಕಂಪನಿಗಳಿಗೆ ಪಕ್ಕದಲ್ಲೇ ತಮ್ಮದೇ ಬ್ರೋಕರೇಜ್ ಇರುತ್ತದೆ. ಗಿರಾಕಿ 2,000 ಕೊಡುತ್ತಾನೆ, ಬ್ರೋಕರೇಜ್ 300 ತೆಗೆದುಕೊಳ್ಳುತ್ತದೆ, ಉಳಿದ 1,700ರ ಮೇಲೆ ನಿಮ್ಮ ಪರ್ಸೆಂಟ್. ಲೀಸ್‌ನಲ್ಲಿ "ಗ್ರಾಸ್", "ಅಡ್ಜಸ್ಟೆಡ್ ಗ್ರಾಸ್" ಅನ್ನುವ ಪದಗಳ ವಿವರಣೆ ಎಲ್ಲಿದೆ ಹುಡುಕಿ. ಸಾಮಾನ್ಯವಾಗಿ ಮೊದಲ ಪುಟದಲ್ಲಿ ಇರುವುದಿಲ್ಲ.

ಪೇಪರ್ ಕೊಟ್ಟ 15 ದಿನದೊಳಗೆ ಹಣ ಬರಬೇಕು ಅನ್ನುವುದೂ ಅದರಲ್ಲೇ ಇದೆ. ಒಳ್ಳೇ ಕಂಪನಿಗಳು ವಾರಕ್ಕೇ ಕೊಡುತ್ತವೆ. ಇನ್ನೊಂದು, ಕಂಪನಿಯಿಂದಲೇ ಇನ್ಶುರೆನ್ಸ್ ಅಥವಾ ಇನ್ನೇನಾದರೂ ಕೊಂಡರೆ ಮಾತ್ರ ಲೀಸ್ ಅಂತ ಒತ್ತಾಯ ಮಾಡುವಂತಿಲ್ಲ. ಬಾಬ್‌ಟೇಲ್ ಇನ್ಶುರೆನ್ಸ್ (ಟ್ರೇಲರ್ ಇಲ್ಲದೆ ಓಡಿಸುವಾಗಿನದು), ಟ್ರಕ್‌ನ ಫಿಸಿಕಲ್ ಡ್ಯಾಮೇಜ್ (ಟ್ರಕ್‌ಗೇ ಆದ ಹಾನಿಯದು) ಎರಡನ್ನೂ ಹೊರಗಡೆಯೂ ವಿಚಾರಿಸಿ. ಸಾಲ ಇರುವುದರಿಂದ ಎರಡನೆಯದನ್ನು ಬ್ಯಾಂಕಿನವರು ಕೇಳಿಯೇ ಕೇಳುತ್ತಾರೆ.

ಫೇಡಾ_ಎಕ್ಸ್‌ಪ್ರೆಸ್

ಮತ್ತ ಡಿಸ್ಪ್ಯಾಚರ್ ವಿಷಯ ಯಾರೂ ಎತ್ತಲಿಲ್ಲಲ್ಲ. ಕಾಗದದಾಗ ಎಲ್ಲಾ ಛಲೋ ಇದ್ರೂ, ಒಬ್ಬ ಡಿಸ್ಪ್ಯಾಚರ್ ಕೈಯಾಗ 60 ಟ್ರಕ್ ಇದ್ರ ನಿಮ್ಮ ಫೋನ್ ಯಾರು ಎತ್ತಾರ? ಲೋಡ್ ಬ್ಯಾಡ ಅಂದ್ರ ನಡೀತದೋ, ಫೋರ್ಸ್ಡ್ ಡಿಸ್ಪ್ಯಾಚೋ ಕೇಳ್ರಿ. ರಿಕ್ರೂಟರ್ "ನೋ ಫೋರ್ಸ್ಡ್ ಡಿಸ್ಪ್ಯಾಚ್" ಅಂತಾನ. ಎರಡು ಲೋಡ್ ಬ್ಯಾಡ ಅನ್ರಿ, ಮೂರನೇದು ಸೋಮವಾರಕ್ಕ ಬರ್ತದ.

ಟ್ರಕ್ ಸ್ಟಾಪಿನ್ಯಾಗ ಆ ಕಂಪನಿ ಹೆಸರಿದ್ದ ಬಾಗಿಲು ಕಂಡ್ರ ಹೋಗಿ ಮಾತಾಡಸ್ರಿ. ಕಂಪನಿ ಡ್ರೈವರ್ ಅಲ್ಲ, ಲೀಸ್ ಆದಾಂವನ್ನ. "ಬಾಗಿಲ ಮೇಲೆ ಲೀಸ್ಡ್ ಟು ಅಂತ ಐತೇನು" ನೋಡಿದ್ರ ಸಾಕು, ಗೊತ್ತಾಗ್ತದ. ಒಂದು ಚಹಾ ಕೊಡಿಸಿದ್ರ ಅವನ ಸೆಟಲ್‌ಮೆಂಟ್ ಫೋನಿನ್ಯಾಗ ತೋರಸ್ತಾನ. ನನಗ ಒಬ್ಬ ಪಂಜಾಬಿ ತಾತ ನೆಬ್ರಾಸ್ಕಾದಾಗ ಪರಾಠಾ ತಿನಿಸಿ ತೋರಿಸಿದ್ದ.

ಫ್ಲಾಟ್‌ಬೆಡ್_ಗೌಡ್ರು

ಡಿಸ್ಪ್ಯಾಚರ್ ಬೇಡವೇ ಬೇಡ ಅನ್ನುವವರಿಗೆ ಲ್ಯಾಂಡ್‌ಸ್ಟಾರ್ ಥರದ ವ್ಯವಸ್ಥೆ ಇದೆ. ಲೋಡ್‌ಗಳು ಏಜೆಂಟ್‌ಗಳ ಹತ್ತಿರ ಇರುತ್ತವೆ, ನೀವೇ ಹುಡುಕಿ ಫೋನ್ ಮಾಡಿ ತಗೊಳ್ಳಬೇಕು. ಸ್ವಾತಂತ್ರ್ಯ ಜಾಸ್ತಿ, ಫೋನ್ ಕೆಲಸವೂ ಜಾಸ್ತಿ. ನನ್ನ ಪ್ರಕಾರ ಸ್ವಂತ ಎಂಸಿ ಕಡೆಗೆ ಹೋಗುವವನಿಗೆ ಒಳ್ಳೇ ಅಭ್ಯಾಸ. ಮೊದಲನೇ ವರ್ಷ ಸ್ವಂತ ಟ್ರಕ್ ನೋಡಿಕೊಳ್ಳುವುದೇ ಕಲಿಯಬೇಕಾದವನಿಗೆ ಅದೂ ಇದೂ ಎರಡೂ ಭಾರ.

ಸ್ವಂತ_ಎಂಸಿ

ಇದಕ್ಕೆ ಮಾತ್ರ ಗೌಡ್ರ ಜೊತೆ ನನ್ನ ಓಟು.

ದುರ್ಗದ_ಡ್ರೈವರ್

ಎಲ್ಲರಿಗೂ ಥ್ಯಾಂಕ್ಸ್. ಒಂದು ವಾರ ಕಳೆದು ಬರುತ್ತಿದ್ದೇನೆ.

ಮೂರೂ ಕಂಪನಿಗೆ ಒಂದೇ ಮೇಲ್ ಕಳಿಸಿದೆ: ಓರಿಯೆಂಟೇಷನ್‌ಗೆ ಬರುವ ಮೊದಲು ಖಾಲಿ ಲೀಸ್ ಫಾರಂ ಕಳಿಸಿ, ಎಸ್ಕ್ರೋ ಪುಟ ಸೇರಿ. ಎ ಕಂಪನಿಯವರು "ಓರಿಯೆಂಟೇಷನ್ ದಿನ ಸಹಿ ಹಾಕುವಾಗ ಕೊಡುತ್ತೇವೆ" ಅಂದರು. ಎರಡನೇ ಸಲ ಕೇಳಿದ್ದಕ್ಕೆ ಉತ್ತರ ಇಲ್ಲ. ಅವರ ಇನ್ಶುರೆನ್ಸ್ ಹಿಸ್ಟರಿಯೂ ನೋಡಿದೆ, ಗೌಡ್ರು ಹೇಳಿದ ಥರವೇ ಇತ್ತು. ಅದನ್ನು ಬಿಟ್ಟೆ.

ಸಿ ಕಂಪನಿಯವರದು ಪ್ರಾಕ್ಟಿಕಲ್ ಮೈಲಿಯೇ. ಆದರೆ ಆರು ತಿಂಗಳ ಒಳಗೆ ಬಿಟ್ಟರೆ ಎಸ್ಕ್ರೋದಲ್ಲಿ 1,000 ಡಾಲರ್ ಹಿಡಿಯುತ್ತೇವೆ ಅಂತ ಬರೆದಿದ್ದಾರೆ. ಮೊದಲೇ ಬರೆದಿದ್ದಾರಲ್ಲ, ಅದಕ್ಕೆ ಕೋಪ ಇಲ್ಲ. ಬಿ ಕಂಪನಿಯಲ್ಲಿ ಅಂಥದ್ದಿಲ್ಲ, 30 ದಿನದ ನೋಟಿಸ್ ಅಷ್ಟೆ. ಗ್ರಾಸ್ ಅಂದರೆ ಗಿರಾಕಿ ಕೊಟ್ಟದ್ದು ಅಂತ ಸ್ಪಷ್ಟವಾಗಿದೆ, ಸರ್‌ಚಾರ್ಜ್ ಪೂರ್ತಿ ನಮಗೆ ಅಂತಲೂ ಇದೆ. ಅದು ಮೊದಲು ನನಗೆ ಗೊತ್ತಿರಲಿಲ್ಲ.

ಬಿ ಕಂಪನಿಯ ಲೀಸ್‌ನವರು ಇಬ್ಬರು ಸವಾನಾ ಹತ್ತಿರದ ಟ್ರಕ್ ಸ್ಟಾಪ್‌ನಲ್ಲಿ ಸಿಕ್ಕಿದರು. ಒಬ್ಬರಿಗೆ ಖುಷಿ, ಒಬ್ಬರಿಗೆ ಇಲ್ಲ. ಖುಷಿ ಇಲ್ಲದವರ ದೂರು ಫ್ಲೋರಿಡಾದಿಂದ ಹೊರಗೆ ಲೋಡ್ ಸಿಗಲ್ಲ ಅಂತಲೇ. ಖುಷಿ ಇರುವವರು ಫ್ಲೋರಿಡಾ ಒಳಗೆ ಬರುವುದೇ ಎರಡು ವಾರಕ್ಕೊಮ್ಮೆ, ಉಳಿದಂತೆ ಅಟ್ಲಾಂಟಾ, ಶಾರ್ಲೆಟ್, ಟೆನೆಸಿ ಸುತ್ತಲೇ ಇರುತ್ತಾರಂತೆ. ಮನೆಯವಳ ಹತ್ತಿರ ಮಾತಾಡಿದೆ, ಎರಡು ವಾರಕ್ಕೊಮ್ಮೆ ಆದರೆ ಪರವಾಗಿಲ್ಲ ಅಂದಳು. ಹಾಗಾಗಿ ಬಿ.

ಕೊನೇ ಪ್ರಶ್ನೆ. ಪ್ಲೇಟ್ ಅವರ ಹೆಸರಲ್ಲಿ ಮಾಡಿಸಲಾ, ನನ್ನ ಹೆಸರಲ್ಲಾ? 2290 ಅಂತ ಒಂದು ಕೇಳುತ್ತಿದ್ದಾರೆ, ಅದೇನು?

ಕುಂದಾಪುರ_ಟು_ಕೊಲಂಬಸ್

ಅವರ ಹೆಸರಲ್ಲಿ ಮಾಡಿಸಿದರೆ ಮೊದಲಿಗೆ ಸುಲಭ, ಒಮ್ಮೆಗೇ ಹಣ ಕಟ್ಟಬೇಕಾಗಿಲ್ಲ, ವಾರ ವಾರ ಹಿಡಿಯುತ್ತಾರೆ. ಆದರೆ ಬಿಟ್ಟ ದಿನ ಪ್ಲೇಟ್ ಅವರಿಗೆ ವಾಪಸ್. ಹೊಸ ಪ್ಲೇಟ್ ಬರುವವರೆಗೆ ಟ್ರಕ್ ಮನೆ ಮುಂದೆ ನಿಲ್ಲುತ್ತದೆ. ಕೈಯಲ್ಲಿ ದುಡ್ಡು ಇದ್ದರೆ ನಿಮ್ಮ ಹೆಸರಲ್ಲೇ ಮಾಡಿಸಿ ಮಾರಾಯ್ರೆ.

ಸೆಟಲ್‌ಮೆಂಟ್_ಶೀಟ್

ಅವರ ಹೆಸರಲ್ಲಿ ಮಾಡಿಸಿ, ನೀವು ಬಿಟ್ಟ ಮೇಲೆ ಅವರು ಅದೇ ಪ್ಲೇಟನ್ನು ಇನ್ನೊಬ್ಬ ಓನರ್‌ಗೆ ಮಾರಿದರೆ ಅಥವಾ ಅದರ ಹಣ ವಾಪಸ್ ಪಡೆದರೆ ಉಳಿದ ತಿಂಗಳುಗಳ ಪಾಲು ನಿಮಗೆ ಬರಬೇಕು. ಅದೂ ಭಾಗ 376ರಲ್ಲೇ ಇದೆ. ಬಿಡುವಾಗ ಕೇಳಿ, ತಾನಾಗಿ ಯಾರೂ ಕೊಡುವುದಿಲ್ಲ.

2290 ಅಂದರೆ ಐಆರ್‌ಎಸ್‌ಗೆ ಕಟ್ಟುವ ಭಾರೀ ವಾಹನದ ರಸ್ತೆ ತೆರಿಗೆ. 75,000 ಪೌಂಡ್ ಮೀರಿದ ಟ್ರಕ್‌ಗೆ ವರ್ಷಕ್ಕೆ 550 ಡಾಲರ್. ಜುಲೈನಿಂದ ಜೂನ್‌ವರೆಗೆ ಅದರ ವರ್ಷ. ಟ್ರಕ್ ಯಾರ ಹೆಸರಲ್ಲಿ ರಿಜಿಸ್ಟರ್ ಆಗಿದೆಯೋ ಅವರು ಕಟ್ಟಬೇಕು. ಕಟ್ಟಿದ ಮೇಲೆ ಸೀಲ್ ಹಾಕಿದ ಷೆಡ್ಯೂಲ್ 1 ಬರುತ್ತದೆ, ಅದಿಲ್ಲದೆ ಪ್ಲೇಟ್ ಕೊಡುವುದಿಲ್ಲ. ನೀವು ಈಗಷ್ಟೇ ಕೊಂಡಿರುವುದರಿಂದ, 60 ದಿನದೊಳಗಿದ್ದರೆ ಬಿಲ್ ಆಫ್ ಸೇಲ್ ತೋರಿಸಿದರೂ ಆಗುತ್ತದೆ.

ಇನ್ನು 1099 ಮೇಲೆ, ಅಂದರೆ ನೌಕರನಾಗಿ ಅಲ್ಲದೆ ಕಾಂಟ್ರಾಕ್ಟರ್ ಆಗಿ ದುಡಿಯುವುದರಿಂದ ಯಾರೂ ನಿಮ್ಮ ಟ್ಯಾಕ್ಸ್ ಹಿಡಿಯುವುದಿಲ್ಲ. ಲಾಭದ ಮೇಲೆ ಸೆಲ್ಫ್ ಎಂಪ್ಲಾಯ್‌ಮೆಂಟ್ ಟ್ಯಾಕ್ಸ್ 15.3 ಪರ್ಸೆಂಟ್, ಅದರ ಮೇಲೆ ಇನ್‌ಕಂ ಟ್ಯಾಕ್ಸ್. ಏಪ್ರಿಲ್, ಜೂನ್, ಸೆಪ್ಟೆಂಬರ್, ಜನವರಿಯಲ್ಲಿ ಕಂತು ಕಟ್ಟಬೇಕು. ಮನೆಯಿಂದ ಹೊರಗೆ ರಾತ್ರಿ ಕಳೆದ ದಿನಗಳ ಲೆಕ್ಕ ಇಎಲ್‌ಡಿಯಿಂದ ತೆಗೆದು ಇಟ್ಟುಕೊಳ್ಳಿ, ಊಟದ ಪರ್ ಡಯಮ್‌ಗೆ (ಟ್ಯಾಕ್ಸ್‌ನಲ್ಲಿ ದಿನದ ಲೆಕ್ಕದಲ್ಲಿ ಕಳೆಯುವ ಖರ್ಚು) ಬೇಕಾಗುತ್ತದೆ.

ಬಿ ಕಂಪನಿಯ ಡಿಡಕ್ಷನ್ ಪುಟ ನನಗೆ ಮೆಸೇಜ್ ಮಾಡಿ, ಹೆಸರು ಮುಚ್ಚಿ. ಭಾನುವಾರ ನನಗೆ ಶಿಫ್ಟ್ ಇಲ್ಲ, ಕೂತು ನೋಡುತ್ತೇನೆ. ಜನವರಿಯಲ್ಲಿ ಊರಿಗೆ ಬರುವಾಗ ಆ 50 ಡಾಲರ್‌ನಲ್ಲಿ ಇಎಲ್‌ಡಿ ಪಾಲನ್ನು ನಿಲ್ಲಿಸುತ್ತಾರಾ ಅಂತಲೂ ಕೇಳಿ. ಕೆಲವರು ನಿಲ್ಲಿಸುತ್ತಾರೆ.